ಮಗಳಿಗೆ ಲ್ಯಾಮೆಲ್ಲಾರ್ ಇಕ್ತಿಯೋಸಿಸ್: ಸಿಂಧನೂರಿನ ಬ್ಯಾಸಗಿ ಹೆಂಗ ದಾಟಸೋದು?

ಸಿಂಧನೂರಿನ_ಅವ್ವ
ಎಲ್ಲಾರಿಗೂ ನಮಸ್ಕಾರ್ರೀ. ನನ್ನ ಮಗಳಿಗೆ ಆರು ವರ್ಷ. ಹುಟ್ಟಿದಾಗ ಮೈತುಂಬ ಬಿಗಿಯಾಗಿ ಹೊಳಿಯೋ ಪೊರಿ ಇತ್ತು, ಗಾಜಿನ ಪೆಟ್ಟಿಗ್ಯಾಗ ಇಟ್ಟಿದ್ರು. ಪೊರಿ ಉದುರಿದ ಮ್ಯಾಲೆ ಮೈಯೆಲ್ಲ ಕಂದು ಹೊಪ್ಪಳಿ. ಚೀಟಿ ಮ್ಯಾಲೆ ಲ್ಯಾಮೆಲ್ಲಾರ್ ಇಕ್ತಿಯೋಸಿಸ್ ಅಂತ ಬರದು ಕೊಟ್ರು.

ಚಳಿಗಾಲದಾಗ ಚರ್ಮ ಸೀಳತೈತಿ, ಹೆಂಗೋ ಕಳೀತೀವಿ. ನನಗ ಅಂಜಿಕಿ ಇರೋದು ಬ್ಯಾಸಗಿದು. ಅಕಿಗೆ ಬೆವರೇ ಬರಂಗಿಲ್ಲ. ಮಧ್ಯಾಹ್ನ ಆದ್ರ ಮೈ ಸುಡತೈತಿ, ಮಾರಿ ಕೆಂಪಗ ಆಗತೈತಿ, ಜ್ವರದ ಔಷಧ ಹಾಕಿದ್ರೂ ಇಳಿಯಂಗಿಲ್ಲ. ಈ ವರ್ಷ ಒಂದನೇತ್ತಾ. ಸಾಲ್ಯಾಗ ತಗಡಿನ ಖೋಲಿ.

ಇನ್ನೊಂದು ಕೇಳೋದೈತಿ. ನಮ್ಮನಿಯವರು ನನಗ ಸ್ವಂತ ಸೋದರಮಾವ. ಹಂಗಾಗಿ ಅತ್ತಿ ಅಂದ್ರ ನಮ್ಮ ಅಜ್ಜಿನೇ. ಅಕಿ ಹೇಳೋದು, ಇದು ನಾಗದೋಷ, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸ್ರಿ, ಆಮ್ಯಾಲೆ ಎರಡನೇ ಕೂಸಿನ ವಿಚಾರ ಮಾಡ್ರಿ ಅಂತ. ಎರಡನೇದಕ್ಕೂ ಹಿಂಗ ಆಗಬಹುದೇನ್ರೀ? ದವಾಖಾನ್ಯಾಗ ಪಾಳಿ ಭಾಳ ಇತ್ತು, ಕೇಳಾಕ ಬಾಯಿ ಬರಲಿಲ್ಲ.

ಬೆಣ್ಣೆದೋಸೆ_ದಾವಣಗೆರೆ
ತಂಗೀ, ನನಗೂ ಇದೇ ಕಾಯಿಲೆ. ನಲವತ್ತು ದಾಟಿದೆ, ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಇಬ್ಬರಿಗೂ ಇಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮವ್ವನಿಗೆ ಆಗ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಮೈ ಸುಡೋದು ಜ್ವರ ಅಲ್ಲ. ಬೆವರಿನ ಗ್ರಂಥಿ ಇರ್ತವೆ, ಆದರೆ ಮೇಲಿನ ದಪ್ಪ ಪದರದಲ್ಲಿ ಅವುಗಳ ಬಾಯಿ ಕಟ್ಟಿರುತ್ತೆ. ಒಳಗಿನ ಶಾಖ ಹೊರಗೆ ಹೋಗೋದಿಲ್ಲ. ಅದಕ್ಕೇ ಪ್ಯಾರಾಸಿಟಮಾಲ್ ನಾಟೋದಿಲ್ಲ, ಅದು ಸೋಂಕಿನಂಥ ಜ್ವರ ಇಳಿಸೋ ಔಷಧ. ಬೆವರು ಮಾಡಬೇಕಾದ ಕೆಲಸವನ್ನ ನೀವು ನೀರಿನಿಂದ ಮಾಡಬೇಕು. ತೆಳು ಕಾಟನ್ ಬನಿಯನ್ ನೆನೆಸಿ ಹಿಂಡಿ ಹಾಕಿ, ಮೇಲೆ ಯೂನಿಫಾರಂ. ಬ್ಯಾಗಿನಲ್ಲಿ ನೀರು ಚಿಮ್ಮಿಸೋ ಬಾಟಲಿ ಇರಲಿ, ಇಸ್ತ್ರಿಯವರು ಇಟ್ಕೊಂಡಿರ್ತಾರಲ್ಲ ಅದೇ. ಮುಖ, ಕತ್ತು, ತಲೆಗೆ ಆಗಾಗ ಹೊಡ್ಕೊಳ್ಳೋಕೆ ಕಲಿಸಿ, ಆರು ವರ್ಷದ ಕೂಸು ಎರಡೇ ದಿನಕ್ಕೆ ಕಲೀತದೆ. ನೀರು ಹಾಕಿದ ಮೇಲೆ ಗಾಳಿ ಬೇಕು, ಫ್ಯಾನ್ ಕೆಳಗೇ ಕೂರಿಸೋಕೆ ಹೇಳಿ. ಬರೀ ನೆರಳಲ್ಲಿ ಕೂರಿಸಿದ್ರೆ ಸಾಲದು.

ಮಗು ಮಂಕಾದ್ರೆ, ವಾಂತಿ ಮಾಡಿದ್ರೆ, ಕರೆದ್ರೆ ಸರಿಯಾಗಿ ಓಗೊಡದೆ ಹೋದ್ರೆ ಮೈಮೇಲೆ ನೀರು ಸುರೀತಾನೇ ಆಸ್ಪತ್ರೆಗೆ ಓಡಿ. ಅಲ್ಲಿ 'ಬೆವರೋದಿಲ್ಲ' ಅನ್ನೋ ಮಾತನ್ನ ಮೊದಲು ಹೇಳಿ, ಕಾಯಿಲೆ ಹೆಸರು ಆಮೇಲೆ.

ಕುಡ್ಲದ_ಅಕ್ಕ
ನನ್ನ ಅಣ್ಣನ ಮಗನಿಗೂ ಉಂಟು. ನಾವು ತೆಂಗಿನೆಣ್ಣೆ ಚೆನ್ನಾಗಿ ಹಾಕಿ ಅರ್ಧ ಗಂಟೆ ಬಿಟ್ಟು ಬಿಸಿನೀರಲ್ಲಿ ಮೀಯಿಸುವುದು ಮಾರ್ರೆ. ಬೇರೆ ಯಾವ ಮುಲಾಮೂ ಬೇಡ.

ಬೆಣ್ಣೆದೋಸೆ_ದಾವಣಗೆರೆ
ಅಕ್ಕಾ, ಹಂಗೆ ಮಾಡಿದ್ರೆ ಎಣ್ಣೆಯೆಲ್ಲ ಬಚ್ಚಲಿಗೆ. ಮೊದಲು ಸ್ನಾನ. ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ನೆನೆಯಲಿ, ಮೆದುವಾದ ಹೊಪ್ಪಳೆಯನ್ನ ಒದ್ದೆ ಬಟ್ಟೆಯಿಂದ ಹಗುರಕ್ಕೆ ಉಜ್ಜಿ ತೆಗೀರಿ. ಕೀಳಬೇಡಿ. ಟವೆಲಿನಿಂದ ಒತ್ತಿ, ಮೈ ಇನ್ನೂ ಹಸಿ ಇರೋವಾಗಲೇ ಜಿಡ್ಡು ಹಚ್ಚಬೇಕು. ಒಣಗಿದ ಮೇಲೆ ಎಷ್ಟು ಹಚ್ಚಿದರೂ ಮೇಲೇ ಕೂತಿರುತ್ತೆ.

ತಿಪಟೂರು_ತೋಟ
ತೆಂಗಿನೆಣ್ಣೆ ಮೈತುಂಬ ದಿನಾ ಎರಡು ಹೊತ್ತು ಹಚ್ಚೋಕೆ ಈಗಿನ ರೇಟಲ್ಲಿ ಯಾರಿಗೆ ಆಗುತ್ತೆ ಸ್ವಾಮಿ. ಕೊಬ್ಬರಿ ಬೆಲೆ ಏರಿದಾಗ ನಮ್ಮ ಮನೇಲೇ ಒಗ್ಗರಣೆಗೆ ಬೇರೆ ಎಣ್ಣೆ ತಂದ್ವಿ.

ಕುಡ್ಲದ_ಅಕ್ಕ
ಬೆಳೆಯುವವರೇ ಹೀಗೆ ಹೇಳಿದ್ರೆ ನಾವು ಎಲ್ಲಿಗೆ ಹೋಗುವುದು!

ತಿಪಟೂರು_ತೋಟ
ಏರಿದ ರೇಟು ನಮ್ಮ ಕೈಗೆ ಎಲ್ಲಿ ಬಂತಕ್ಕ. ನಾವು ಮಾರಿ ಆದ್ಮೇಲೇ ಯಾವಾಗ್ಲೂ ಏರೋದು. ಅದು ಬಿಡಿ, ವಿಷಯಕ್ಕೆ ಬನ್ನಿ.

ಹುಬ್ಬಳ್ಳಿ_ಚರ್ಮ_ಪಿಜಿ
ನಾನು ಚರ್ಮರೋಗ ವಿಭಾಗದಲ್ಲಿ ಓದ್ತಾ ಇದೀನಿ. ಇಲ್ಲಿ ಓದಿದ್ದನ್ನ ನಿಮ್ಮ ಡಾಕ್ಟರ ಹತ್ತಿರ ಕೇಳಿಯೇ ಮಾಡಿ. ಎಣ್ಣೆಗೆ ದುಡ್ಡು ಸುರಿಯೋ ಬದಲು ಲಿಕ್ವಿಡ್ ಪ್ಯಾರಾಫಿನ್ ಮತ್ತು ಬಿಳಿ ಸಾಫ್ಟ್ ಪ್ಯಾರಾಫಿನ್ ಸಮಸಮ ಬೆರೆಸಿಟ್ಟುಕೊಂಡರೆ ಆಗುತ್ತೆ, ವಾಸನೆಯೂ ಇರಲ್ಲ. ರಾತ್ರಿಗೆ ದಪ್ಪನೆಯದು, ಬೆಳಿಗ್ಗೆ ಸಾಲೆಗೆ ತೆಳುವಾದ ಲೋಶನ್. ಬೇಸಿಗೆ ಮಧ್ಯಾಹ್ನ ವ್ಯಾಸಲಿನ್ ಮೆತ್ತಿ ಬಿಸಿಲಿಗೆ ಕಳಿಸಬೇಡಿ, ಶಾಖ ಇನ್ನಷ್ಟು ಒಳಗೇ ಉಳಿಯುತ್ತೆ.

ಚರ್ಮದ ಮೇಲ್ಪದರ ಅಂದ್ರೆ ಇಟ್ಟಿಗೆ ಮತ್ತು ಗಾರೆಯ ಗೋಡೆ ಅಂದ್ಕೊಳ್ಳಿ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಕೆಡೋದು ಟಿಜಿಎಂ1 ಅನ್ನೋ ಜೀನು. ಅದರ ಕಿಣ್ವ ಇಲ್ಲದೆ ಇಟ್ಟಿಗೆಗಳು ಸರಿಯಾಗಿ ಕಚ್ಚಿಕೊಳ್ಳಲ್ಲ. ಗೋಡೆ ಸೋರುತ್ತೆ, ಸೋರೋದನ್ನ ತಡೆಯೋಕೆ ದೇಹ ಮೇಲೆ ಮೇಲೆ ಕಟ್ಟುತ್ತಾ ಹೋಗುತ್ತೆ. ಹಾಗಾಗಿ ದಪ್ಪಗಿದ್ದರೂ ಗಟ್ಟಿ ಚರ್ಮ ಅಲ್ಲ ಅದು. ನೀರು ಹೊರಗೆ ಹೋಗುತ್ತೆ, ಹಚ್ಚಿದ ಔಷಧ ಒಳಗೂ ಹೋಗುತ್ತೆ.

ಮೈಸೂರ್_ಪಾಕ್
ಲಿಕ್ವಿಡ್ ಪ್ಯಾರಾಫಿನ್ ಮಲಬದ್ಧತೆಗೆ ಕುಡಿಯೋದಲ್ವಾ?

ಹುಬ್ಬಳ್ಳಿ_ಚರ್ಮ_ಪಿಜಿ
ಅದೇ. ಇಲ್ಲಿ ಹಚ್ಚೋಕೆ ಹೇಳ್ತಿರೋದು, ಕುಡಿಸೋಕಲ್ಲ.

ಅಣ್ಣಿಗೇರಿ_ಅಂಗಡಿ
ನಮ್ಮ ಅಂಗಡಿಗೆ ಬರೋರಿಗೆ ಸ್ಯಾಲಿಸಿಲಿಕ್ ಆಸಿಡ್ ಮುಲಾಮು ಕೊಡ್ತೀನ್ರಿ, ಹೊಪ್ಪಳಿ ಪಟಪಟ ಉದುರತಾವ. ಮೈತುಂಬ ಹಚ್ಚಿ ಬಿಡ್ರಿ.

ಹುಬ್ಬಳ್ಳಿ_ಚರ್ಮ_ಪಿಜಿ
ಬ್ಯಾಡ್ರೀ ಅಣ್ಣಾರ, ದಯವಿಟ್ಟು ಬ್ಯಾಡ. ಈಗಷ್ಟೇ ಸೋರೋ ಗೋಡೆ ಅಂದೆ. ಮಕ್ಕಳಿಗೆ ಮೈತುಂಬ ಸ್ಯಾಲಿಸಿಲಿಕ್ ಹಚ್ಚಿದ್ರ ಅದು ರಕ್ತಕ್ಕ ಸೇರಿ ವಿಷ ಆಗತೈತಿ. ವಾಂತಿ, ಕಿವ್ಯಾಗ ಗುಂಯ್ ಅನ್ನೋದು, ಉಸಿರು ಜೋರಾಗೋದು, ಇವೆಲ್ಲ ಅದರ ಲಕ್ಷಣ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇರೋ ಕ್ರೀಮು ದೊಡ್ಡೋರಿಗೆ ಚಲೋ, ಆದ್ರ ಸೀಳಿದ ಜಾಗಕ್ಕ ಸಿಕ್ಕಾಪಟ್ಟೆ ಉರೀತಾವ. ಚೀಟಿ ಇಲ್ಲದ ಇವನ್ನ ಕೊಡಬ್ಯಾಡ್ರಿ.

ಅಣ್ಣಿಗೇರಿ_ಅಂಗಡಿ
ಆತು ಬಿಡ್ರಿ ಡಾಕ್ಟ್ರ. ಕಂಪನಿಯವರು ಇದನ್ನ ಹೇಳಂಗಿಲ್ಲ.

ದಿವ್ಯ_ಮೂಲಿಕೆ
ಇಕ್ತಿಯೋಸಿಸ್ ಬುಡಸಮೇತ ನಿವಾರಣೆ!! ಮಂಡಲ ಚಿಕಿತ್ಸೆ, ಪಥ್ಯ ಕಡ್ಡಾಯ, ಕ್ಯಾಶ್ ಆನ್ ಡೆಲಿವರಿ. ವಾಟ್ಸಾಪ್ ಮಾಡಿ

ಬೆಣ್ಣೆದೋಸೆ_ದಾವಣಗೆರೆ
ಬಂದ್ರಪ್ಪ. ನನ್ನ ಚಿಕ್ಕಂದಿನಲ್ಲಿ ನಮ್ಮಪ್ಪ ಇಂಥೋರಿಗೆ ಕೊಟ್ಟ ದುಡ್ಡಲ್ಲಿ ಒಂದು ಸೈಟ್ ಆಗ್ತಿತ್ತು. ಜೀನಿನಲ್ಲೇ ಇರೋದನ್ನ ನಿಮ್ಮ ಕಷಾಯ ಹೆಂಗೆ ಬುಡಸಮೇತ ಕೀಳುತ್ತೆ, ಸ್ವಲ್ಪ ಬಿಡಿಸಿ ಹೇಳಿ.

ನಿರ್ವಾಹಕರು
ಫೋನ್ ನಂಬರ್ ತೆಗೆದಿದ್ದೇವೆ. ಇನ್ನೊಮ್ಮೆ ಹಾಕಿದರೆ ಖಾತೆಯೂ ಇರುವುದಿಲ್ಲ.

ಲೆಸ್ಟರ್_ಕನ್ನಡಿಗ
ಪ್ಯಾರಾಫಿನ್ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ನನ್ನ ಮಗನಿಗೆ ಇಲ್ಲಿ ಬ್ರಿಟನ್ನಿನಲ್ಲಿ ದೊಡ್ಡ ಡಬ್ಬದಲ್ಲಿ ಮುಲಾಮು ಕೊಡ್ತಾರೆ, ಡಬ್ಬದ ಮೇಲೇ ಬೆಂಕಿಯ ಚಿತ್ರ. ಮುಲಾಮು ತಾನಾಗಿ ಹೊತ್ತಿಕೊಳ್ಳುತ್ತೆ ಅಂತಲ್ಲ. ದಿನಾ ಬಟ್ಟೆಗೆ, ಹಾಸಿಗೆಗೆ, ದಿಂಬಿಗೆ ಹತ್ತಿ ಹತ್ತಿ ಒಣಗಿದ ಮೇಲೆ ಆ ಬಟ್ಟೆಗೆ ಕಿಡಿ ತಾಗಿದರೆ ಬಹಳ ಬೇಗ ಉರಿಯುತ್ತೆ. ಒಗೆದರೂ ಪೂರ್ತಿ ಹೋಗಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಪ್ಯಾರಾಫಿನ್ ಇಲ್ಲದ ಮುಲಾಮುಗಳಿಗೂ ಈ ಎಚ್ಚರಿಕೆ ಅನ್ವಯ ಅಂತ ಹೇಳಿತು, ಅಂದ್ರೆ ಎಣ್ಣೆಯೂ ಸುರಕ್ಷಿತ ಅಂತ ತಿಳ್ಕೋಬೇಡಿ. ನಮ್ಮ ಮನೆಗಳಲ್ಲಿ ದೇವರ ದೀಪ, ಗ್ಯಾಸ್ ಒಲೆ, ಬಚ್ಚಲ ಒಲೆ, ಅಜ್ಜನ ಬೀಡಿ ಎಲ್ಲಾ ಇರುತ್ತೆ. ದೀಪಾವಳಿಯಲ್ಲಿ ಮಗುವಿಗೆ ಹೊಸದಾಗಿ ಒಗೆದ ಬಟ್ಟೆ ಹಾಕಿ, ಪಟಾಕಿಯಿಂದ ದೂರ ನಿಲ್ಲಿಸಿ.

ಇಲ್ಲಿ ಇಕ್ತಿಯೋಸಿಸ್ ಸಪೋರ್ಟ್ ಗ್ರೂಪ್ ಅಂತ ಒಂದು ಸಂಘ ಇದೆ, ಅವರ ಮಾಹಿತಿಯನ್ನ ಯಾರು ಬೇಕಾದರೂ ಓದಬಹುದು. ಕನ್ನಡದಲ್ಲಿ ಇಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಬಿದ್ದಿದ್ದೆಲ್ಲ 'ವಿಚಿತ್ರ ಮಗು ಜನನ' ವಿಡಿಯೋಗಳೇ.

ಸಿಂಧನೂರಿನ_ಅವ್ವ
ಅಯ್ಯೋ, ಆ ವಿಡಿಯೋ ಮಾತು ತೆಗೀಬ್ಯಾಡ್ರೀ. ನನ್ನ ಕೂಸು ಹುಟ್ಟಿದಾಗ ಯಾರೋ ಮೊಬೈಲ್ ಹಿಡಕೊಂಡು ಬಂದಿದ್ರು, ನಮ್ಮಪ್ಪ ಬೈದು ಅಟ್ಟಿದ. ಬೆಂಕಿ ವಿಷಯ ನನಗ ಗೊತ್ತೇ ಇರಲಿಲ್ಲ. ಅಕಿ ಒಲಿ ಮುಂದನ ಕುಂದರತಾಳ, ರೊಟ್ಟಿ ಬಡಿಯೋದು ನೋಡಾಕ.

ಕೊಪ್ಪದ_ಹುಡುಗ
ಚಳಿಗಾಲದಲ್ಲಿ ನನ್ನ ಮೊಣಕಾಲ ಕೆಳಗೂ ಹಿಂಗೇ ಆಗುತ್ತೆ, ಮಳೆಗಾಲ ಬಂದ್ರೆ ಮಾಯ. ನಂದೂ ಇದೇನಾ? ಅಪರೂಪ ಅಂತೀರಿ, ನಮ್ಮ ಮನೇಲಿ ಅಪ್ಪನಿಗೂ ಇದೆ, ಚಿಕ್ಕಪ್ಪನಿಗೂ ಇದೆ.

ಹುಬ್ಬಳ್ಳಿ_ಚರ್ಮ_ಪಿಜಿ
ನಿಮ್ಮದು ಇಕ್ತಿಯೋಸಿಸ್ ವಲ್ಗ್ಯಾರಿಸ್ ಇರಬಹುದು. ಅಂಗೈ ನೋಡ್ಕೊಳ್ಳಿ, ಗೆರೆಗಳು ಬೇರೆಯವರಿಗಿಂತ ಜಾಸ್ತಿ, ಆಳವಾಗಿ ಇದ್ರೆ ಅದೂ ಒಂದು ಗುರುತು. ಅದು ಸುಮಾರು 250 ಜನಕ್ಕೆ ಒಬ್ಬರಲ್ಲಿ ಇರುತ್ತೆ. ಲ್ಯಾಮೆಲ್ಲಾರ್ ಲಕ್ಷ ಜನಕ್ಕೊಬ್ಬರು, ಅದಕ್ಕಿಂತಲೂ ಕಡಿಮೆ. ಇನ್ನೊಂದು ಬಗೆ ಗಂಡುಮಕ್ಕಳಿಗೆ ಬರೋದು, ತಾಯಿ ಕಡೆಯಿಂದ. ಅಂಥ ಮಗು ಹೊಟ್ಟೆಯಲ್ಲಿದ್ದಾಗ ಕೆಲವೊಮ್ಮೆ ತಾಯಿಗೆ ಹೆರಿಗೆ ನೋವು ತಾನಾಗಿ ಶುರುವಾಗೋದು ತಡವಾಗುತ್ತೆ. ಎಲ್ಲಕ್ಕೂ ಒಂದೇ ಹೆಸರಿನ ಬಾಲ ಇರೋದರಿಂದ 'ನಮ್ಮವನಿಗೆ ವಾಸಿಯಾಯ್ತು, ನಿಮಗ್ಯಾಕೆ ಆಗಲಿಲ್ಲ' ಅನ್ನೋ ಜಗಳ ಹುಟ್ಟೋದು.

ಸುಳ್ಯದ_ಭಟ್ರು
ಕುಕ್ಕೆಯ ವಿಷಯ ಯಾರೂ ಮುಟ್ಟಲಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಮ್ಮ ಊರಿನಿಂದ ಹತ್ತಿರ. ಚರ್ಮದ ಕಾಯಿಲೆ ಅಂತ ಬರುವವರನ್ನು ಸಣ್ಣಂದಿನಿಂದ ನೋಡಿದ್ದೇನೆ. ಅಜ್ಜಿಯ ಮನಸ್ಸಿಗೆ ಸಮಾಧಾನ ಆಗುವುದಾದರೆ ಸೇವೆ ಮಾಡಿಸಿ, ತಪ್ಪೇನಿಲ್ಲ. ಆದರೆ ಎರಡು ಮಾತು. ಹೋದ ದಿನವೂ ಮುಲಾಮು ತಪ್ಪಿಸಬೇಡಿ. ಪ್ರಸಾದದ ಹುತ್ತದ ಮಣ್ಣನ್ನು ಹಣೆಗೆ ಇಟ್ಟುಕೊಳ್ಳಿ, ಸೀಳಿದ ಚರ್ಮಕ್ಕೆ ಹಚ್ಚಬೇಡಿ, ಕೀವಾದೀತು.

ವಿಚಾರವಾದಿ_ಕೋಲಾರ
ತಪ್ಪೇನಿಲ್ಲ ಅಂದ್ರೆ ಹೆಂಗೆ ಭಟ್ರೇ? ದೋಷ ಅಂದ ತಕ್ಷಣ ಬೊಟ್ಟು ಹೆತ್ತ ತಾಯಿಗೇ ತಿರುಗುತ್ತೆ. ಆ ಮಗು ದೊಡ್ಡದಾದ ಮೇಲೂ 'ನೀನು ಶಾಪ' ಅಂತಲೇ ಕೇಳಿಸ್ಕೋಬೇಕು. ಪೂಜೆ ಖರ್ಚಿಗೆ ಕೂಲರ್ ಬರುತ್ತೆ.

ಸುಳ್ಯದ_ಭಟ್ರು
ಕೂಲರೂ ತರಲಿ ಅಂತಲೇ ನಾನೂ ಹೇಳುವುದು. ಆ ಮನೆಯಲ್ಲಿ ಅಜ್ಜಿಯ ಜೊತೆ ದಿನಾ ಬಾಳಬೇಕಾದದ್ದು ಅವರು, ನೀವಲ್ಲ.

ಮಂಡ್ಯದ_ಹೈದ
ಈಗ ನೋಡಿ, ಎಲ್ರೂ ಸೋದರಿಕೆ ಮದುವೆ ಮೇಲೆ ಬೀಳ್ತಾರೆ. ನಮ್ಮಜ್ಜಿ ಸೋದರಮಾವನ್ನೇ ಕಟ್ಕಂಡಿದ್ದು, ನಮ್ಮವ್ವ ಅತ್ತೆ ಮಗನ್ನ. ಎಲ್ರೂ ಗಟ್ಟಿಮುಟ್ಟಾಗವ್ರೆ. ಹೊರಗಿಂದ ತಂದವ್ರ ಮಕ್ಳಿಗೆ ಕಾಯಿಲೆ ಬರಾಕಿಲ್ವಾ?

ಬೆಣ್ಣೆದೋಸೆ_ದಾವಣಗೆರೆ
ಬರ್ತದೆ ಕಣಪ್ಪ. ನಿಮ್ಮ ಮನೇಲಿ ಬರಲಿಲ್ಲ, ಸಂತೋಷ. ನಮ್ಮ ಮನೇಲಿ ಬಂತು, ನಮ್ಮಪ್ಪ ಅವ್ವನೂ ಸೋದರಮಾವ ಸೊಸೆಯೇ.

ಹುಬ್ಬಳ್ಳಿ_ಚರ್ಮ_ಪಿಜಿ
ಲೆಕ್ಕ ಹೇಳ್ತೀನಿ, ಜಗಳ ಬೇಡ. ಇದು ಬರಬೇಕಾದ್ರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬರಬೇಕು. ಒಂದೇ ಕೆಟ್ಟದ್ದಿದ್ರೆ ಆ ಮನುಷ್ಯನಿಗೆ ಏನೂ ಆಗಲ್ಲ, ಗೊತ್ತೂ ಆಗಲ್ಲ. ಹೊರಗಿನವರಲ್ಲಿ ಅದೇ ಜೀನು ಕೆಟ್ಟಿರೋರು ಸಿಗೋದು ಅಪರೂಪ. ಸೋದರಮಾವ ಮತ್ತು ಸೊಸೆ ನಡುವೆ ನಾಲ್ಕರಲ್ಲಿ ಒಂದು ಪಾಲು ಜೀನು ಹಂಚಿಕೆ ಆಗಿರುತ್ತೆ, ಅತ್ತೆ ಮಗಳು ಮಾವನ ಮಗನಿಗೆ ಎಂಟರಲ್ಲಿ ಒಂದು. ಆದ್ರೂ ಬಹುಪಾಲು ಸೋದರಿಕೆ ದಂಪತಿಗಳ ಮಕ್ಕಳು ಚೆನ್ನಾಗೇ ಇರ್ತಾರೆ, ನಿಮ್ಮಜ್ಜಿ ಮಕ್ಕಳ ಹಾಗೆ. ಆದರೆ ಇಂಥ ಅಪರೂಪದ ಕಾಯಿಲೆ ಇರೋ ಮಕ್ಕಳ ಮನೆ ವಿಚಾರಿಸಿದ್ರೆ ಸೋದರಿಕೆ ಮತ್ತೆ ಮತ್ತೆ ಸಿಗುತ್ತೆ. ಎರಡು ಮಾತೂ ನಿಜ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆ ರಕ್ತಸಂಬಂಧದಲ್ಲೇ ಆಗಿದ್ದು ಅಂತ ಬಂದಿದೆ, ದೇಶದ ಸರಾಸರಿ ಅದರ ಅರ್ಧಕ್ಕಿಂತ ಕಡಿಮೆ.

ಸಿಂಧನೂರಿನ ಅಕ್ಕಾರ, ನಿಮ್ಮ ಪ್ರಶ್ನಿಗೆ ಉತ್ತರ. ಪ್ರತಿ ಸಲ ಬಸುರಾದಾಗಲೂ ನಾಲ್ಕರಲ್ಲಿ ಒಂದು ಸಂಭವ. ಮೊದಲನೇದಕ್ಕ ಆತು, ಇನ್ನ ಮೂರಕ್ಕ ಆಗಂಗಿಲ್ಲ ಅಂತ ಯಾರಾದ್ರೂ ಅಂದ್ರ ನಂಬಬ್ಯಾಡ್ರಿ, ಪ್ರತಿ ಸಲ ಲೆಕ್ಕ ಹೊಸದಾಗಿ ಶುರು. ಮತ್ತ ಬಸುರಾಗೋಕಿಂತ ಮೊದಲ ಮಗಳ ರಕ್ತದ ಜೀನ್ ಪರೀಕ್ಷೆ ಮಾಡಿಸ್ರಿ, ವರದಿಗೆ ವಾರಗಟ್ಟಲೆ ಹಿಡೀತೈತಿ. ಯಾವ ಜಾಗದಾಗ ಕೆಟ್ಟೈತಿ ಅಂತ ಮೊದಲ ಗೊತ್ತಿದ್ರ, ಮುಂದಿನ ಬಸುರಿನಾಗ 11-12 ವಾರದ ಹೊತ್ತಿಗೆ ಮಾಸಿನ (ಪ್ಲಾಸೆಂಟಾ) ಚೂರು ತೆಗೆದು ನೋಡಬಹುದು. ಗೊತ್ತಿಲ್ಲದ ಆಗ ಓಡಿದ್ರ ಟೈಮ್ ಸಾಲಂಗಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯೊಳಗ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಐತಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯೊಳಗ ಅದು ಉತ್ಕೃಷ್ಟತಾ ಕೇಂದ್ರ, ಅಂದ್ರ ಇಂಥಾ ಕಾಯಿಲಿ ನೋಡಾಕ ಸರ್ಕಾರ ಗುರುತಿಸಿದ ಜಾಗ. ಅಲ್ಲಿ ಕೂತು ಸಮಾಧಾನದಿಂದ ಕೇಳ್ರಿ, ಇಬ್ಬರೂ ಹೋಗ್ರಿ.

ಮಂಡ್ಯದ_ಹೈದ
ಹೊಟ್ಟೇಲಿರೋ ಮಗು ಪರೀಕ್ಷೆ ಮಾಡ್ಸೋದು ಕಾನೂನಿಗೆ ವಿರುದ್ಧ ಅಲ್ವಾ?

ಹುಬ್ಬಳ್ಳಿ_ಚರ್ಮ_ಪಿಜಿ
ಗಂಡೋ ಹೆಣ್ಣೋ ಅಂತ ಹೇಳೋದು ಅಪರಾಧ. ಆನುವಂಶಿಕ ಕಾಯಿಲೆಗೆ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆ ಮಾಡೋಕೆ ಅದೇ ಕಾನೂನಿನಲ್ಲೇ ಅವಕಾಶ ಇದೆ.

ಚಾಮುಂಡಿಪುರಂ_ಚಂದ್ರಿ
ನಾನು 24ರ ಹುಡುಗಿ, ನನಗೂ ಇದೆ. ಕಾಲೇಜಿನಲ್ಲಿದ್ದಾಗ ಅಸಿಟ್ರೆಟಿನ್ ಮಾತ್ರೆ ಶುರು ಮಾಡಿದ್ರು. ಹೊಪ್ಪಳೆ ನಿಜಕ್ಕೂ ಕಡಿಮೆ ಆಯ್ತು, ಜೀವನದಲ್ಲಿ ಮೊದಲ ಸಲ ಬೆನ್ನಲ್ಲಿ ಬೆವರು ಬಂದಾಗ ಅಮ್ಮನ್ನ ಕರೆದು ತೋರಿಸಿದೆ. ಆದರೆ ತುಟಿ ಒಡೆಯುತ್ತೆ, ಆಗಾಗ ಲಿವರ್, ಕೊಲೆಸ್ಟರಾಲ್ ಪರೀಕ್ಷೆ. ಮುಖ್ಯವಾಗಿ ಮಾತ್ರೆ ನಿಲ್ಲಿಸಿ ಮೂರು ವರ್ಷದವರೆಗೂ ಬಸುರಾಗಬಾರದು. ಇದನ್ನ ಹುಡುಗನ ಕಡೆಯವರಿಗೆ ಯಾರು ಹೇಳಬೇಕು ಅನ್ನೋದೇ ನಮ್ಮ ಮನೇಲಿ ಈಗ ನಡೀತಿರೋ ಯುದ್ಧ. ಅಮ್ಮ ಅಂತಾಳೆ ಮದುವೆ ಆದ್ಮೇಲೆ ಹೇಳೋಣ. ನಾನಂತೀನಿ ಕಾಫಿ ಲೋಟ ಕೈಗೆ ಕೊಡೋ ಮೊದಲೇ ಹೇಳಬೇಕು.

ಹೋದ ತಿಂಗಳು ಬಂದವರ ಜೊತೆಗಿದ್ದ ಹೆಂಗಸು ನನ್ನ ಕೈ ನೋಡಿ "ಅಂಟುತ್ತೇನಮ್ಮಾ?" ಅಂದ್ರು. "ನಮ್ಮಮ್ಮನಿಗೆ ಇನ್ನೂ ಅಂಟಿಲ್ಲ ಆಂಟಿ" ಅಂದೆ. ಸಂಬಂಧ ಅಲ್ಲಿಗೇ ಮುಗೀತು, ಉಪ್ಪಿಟ್ಟು ಮಾತ್ರ ಪೂರ್ತಿ ತಿಂದು ಹೋದ್ರು.

ಕುಡ್ಲದ_ಅಕ್ಕ
ನಿನ್ನ ಧೈರ್ಯಕ್ಕೆ ಮೆಚ್ಚಬೇಕು ಮಗಾ. ಮೊದಲೇ ಹೇಳು, ಮುಚ್ಚಿಟ್ಟು ಹೋದರೆ ದಿನಾ ಹೆದರಿ ಬದುಕಬೇಕು.

ಮೈಸೂರ್_ಪಾಕ್
ಅಂಗವಿಕಲರ ಕಾರ್ಡ್ ಮಾಡಿಸ್ಕೊಳ್ಳಿ, ಬಸ್ ಪಾಸ್, ಪಿಂಚಣಿ ಎಲ್ಲಾ ಸಿಗುತ್ತೆ.

ಬೆಣ್ಣೆದೋಸೆ_ದಾವಣಗೆರೆ
ಅಷ್ಟು ಸುಲಭ ಇಲ್ಲ. 2016ರ ಕಾಯ್ದೆಯಲ್ಲಿ 21 ಬಗೆ ಇವೆ. ಚರ್ಮಕ್ಕೆ ಹತ್ತಿರದ್ದು ಅಂದ್ರೆ ಕುಷ್ಠ ವಾಸಿಯಾದವರು, ಆಸಿಡ್ ದಾಳಿಗೆ ಒಳಗಾದವರು. ಇಕ್ತಿಯೋಸಿಸ್ ಹೆಸರಿಲ್ಲ. ದೃಷ್ಟಿ, ಕಿವಿ ಅಥವಾ ಕೈಬೆರಳಿನ ಚಲನೆಗೆ ತೊಂದರೆ ಆಗಿದ್ರೆ ಆ ಲೆಕ್ಕದಲ್ಲಿ ಪ್ರಯತ್ನಿಸಬಹುದು. ಈ ಕಾನೂನು ಬರೆದವರು ನಮ್ಮನ್ನ ನೋಡೇ ಇಲ್ಲ ಅಂತ ನನಗೆ ಅನ್ನಿಸುತ್ತೆ.

ಕಾರ್ಡಿಗಿಂತ ಮೊದಲು ಆಧಾರ್ ನೋಡಿ. ಐದು ವರ್ಷ ತುಂಬಿದ ಮೇಲೆ ಮಗುವಿನ ಬೆರಳು, ಕಣ್ಣು ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ನಮ್ಮ ಬೆರಳಲ್ಲಿ ಗೆರೆಯೇ ಸರಿಯಾಗಿ ಮೂಡಲ್ಲ. ಬೆರಳು ಬಾರದವರಿಗೆ ಕಣ್ಣಿನ ಪಾಪೆ ಸಾಕು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟಪಡಿಸಿದೆ. ಆಪರೇಟರ್ ಆಗಲ್ಲ ಅಂದ್ರೆ ಅದನ್ನ ಹೇಳಿ. ಹೋಗೋ ದಿನ ಕೈಗೆ ಮಾತ್ರ ಮುಲಾಮು ಬೇಡ, ಯಂತ್ರದ ಗಾಜು ಜಿಡ್ಡಾದ್ರೆ ಬೈತಾರೆ. ರೇಶನ್‌ಗೆ ತೊಂದರೆ ಇಲ್ಲ, ಕಾರ್ಡಿನಲ್ಲಿರೋ ಬೇರೆಯವರ ಹೆಬ್ಬೆಟ್ಟು ನಡೆಯುತ್ತೆ.

ಕಲಬುರಗಿ_ಮಾಸ್ತರ್
ನಾನು ಪ್ರಾಥಮಿಕ ಸಾಲಿ ಮಾಸ್ತರ್ ಅದೀನ್ರಿ. ನಮ್ಮ ಭಾಗದಾಗ ಏಪ್ರಿಲ್-ಮೇ ತಿಂಗಳ ಸರ್ಕಾರಿ ಆಫೀಸೇ ಮುಂಜಾನಿ ಎಂಟಕ್ಕ ಶುರುವಾಗಿ ಮಧ್ಯಾಹ್ನ ಒಂದೂವರಿಗೆ ಮುಗೀತಾವ, ಅಂದ್ರ ಬಿಸಿಲು ಎಂಥಾದ್ದು ಅಂತ ಸರ್ಕಾರಕ್ಕೂ ಗೊತ್ತೈತಿ. ಹೆಡ್ ಮಾಸ್ತರಿಗೆ ಡಾಕ್ಟ್ರ ಚೀಟಿ ಜೋಡಿ ಒಂದು ಅರ್ಜಿ ಕೊಡ್ರಿ: ಬಿಸಿಲಾಗ ಪ್ರಾರ್ಥನಾಕ್ಕ ನಿಲ್ಲಸಬ್ಯಾಡ್ರಿ, ಪಿ.ಟಿ. ಬ್ಯಾಡ, ನೀರು ಹೊಡಕೊಳ್ಳಾಕ ಬಿಡ್ರಿ, ಫ್ಯಾನ್ ಕೆಳಗ ಕುಂದರಸ್ರಿ. ಬಾಯಿಲೆ ಹೇಳಿದ್ದು ಮಾಸ್ತರ್ ಬದಲಾದ ಕೂಡ್ಲೆ ಹಾರಿ ಹೋಗತೈತಿ.

ಉಳಿದ ಹುಡುಗರಿಗೆ ಮೊದಲ ದಿನನ ಹೇಳ್ರಿ, ಇದು ಅಂಟಂಗಿಲ್ಲ, ಅಕಿ ಹುಟ್ಟಿದಾಗಿಂದ ಹಿಂಗ ಅದಾಳ ಅಂತ. ನಮ್ಮ ಸಾಲ್ಯಾಗ ಇಂಥಾ ಹುಡುಗ ಒಬ್ಬಾವ ಇದ್ದ. ಹುಡುಗರು ವಾರದಾಗ ಮರತ್ರು, ಬಿಸಿಯೂಟಕ್ಕ ಬ್ಯಾರೆ ಕುಂದರಸ್ರಿ ಅಂತ ಗದ್ದಲ ಹಾಕಿದ್ದು ಅವರ ಅಪ್ಪ ಅವ್ವಂದ್ರು.

ಸಿಂಧನೂರಿನ_ಅವ್ವ
ಮಾಸ್ತರ್ ಸಾಹೇಬ್ರ, ಅರ್ಜಿ ನಾಳೆನ ಬರೀತೀನಿ. ಬನಿಯನ್ ನೆನಸಿ ಹಾಕೋದು ಇವತ್ತ ಮಾಡಿ ನೋಡಿದ್ವಿ. ಮಧ್ಯಾಹ್ನ ಆಡಕೋತ ಕುಂತಿದ್ಲು, ಅಳಲಿಲ್ಲ. ಬೆಂಗಳೂರಿಗೆ ಹೋಗೋಣ ಅಂದ್ರ ಮನಿಯವರು ಹೂಂ ಅಂದಾರ, ಅಜ್ಜಿ ಇನ್ನೂ ಮುನಿಸಿಕೊಂಡಾಳ. ಒಂದು ಕೇಳೋದು ಉಳೀತು. ಟೀಚರ್ ಹೇಳಿದ್ದು ಇಕಿ ಕ್ಲಾಸಿನಾಗ ಲಕ್ಷ್ಯ ಕೊಡಂಗಿಲ್ಲ ಅಂತ. ಮನ್ಯಾಗೂ ಎರಡೆರಡು ಸಲ ಕರೀಬೇಕು. ಬುದ್ಧಿಗೂ ಏನರ ಆಗತೈತೇನ್ರೀ?

ಲೆಸ್ಟರ್_ಕನ್ನಡಿಗ
ಕಿವಿ ತೋರಿಸಿದ್ರಾ? ನನ್ನ ಮಗನದ್ದೂ ಇದೇ ಕಥೆ. ಕಿವಿಯೊಳಗೂ ಹೊಪ್ಪಳೆ ಉದುರಿ ತುಂಬಿಕೊಳ್ಳುತ್ತೆ. ಕ್ಲೀನ್ ಮಾಡಿಸಿದ ದಿನ ಟಿವಿ ಸೌಂಡ್ ಅವನೇ ಕಡಿಮೆ ಮಾಡಿದ.

ಹುಬ್ಬಳ್ಳಿ_ಚರ್ಮ_ಪಿಜಿ
ಬುದ್ಧಿಗೆ ಏನೂ ಆಗಿರಂಗಿಲ್ಲ ಅಕ್ಕಾರ, ಈ ಬಗೆ ಕಾಯಿಲಿ ಚರ್ಮದ್ದಷ್ಟ. ಇಎನ್‌ಟಿ ಡಾಕ್ಟ್ರ ಕಡೆ ಹೋಗ್ರಿ, ಆಮ್ಯಾಲೆ ಕೆಲವು ತಿಂಗಳಿಗೊಮ್ಮೆ ತಪ್ಪದ ಹೋಗ್ತಿರ್ರಿ. ಬಡ್ಸ್, ಪಿನ್ನು, ಕಾಯಿಸಿದ ಎಣ್ಣಿ ಯಾವುದೂ ಬ್ಯಾಡ. ಹಂಗ ರಾತ್ರಿ ಮಲಗಿದಾಗ ಕಣ್ಣು ಪೂರ್ತಿ ಮುಚ್ಚತಾವೇನು ನೋಡ್ರಿ. ರೆಪ್ಪಿ ಹೊರಗ ಎಳಕೊಂಡಿದ್ರ ಕಣ್ಣಿನ ಡಾಕ್ಟ್ರು ಜೆಲ್ ಬರಕೊಡ್ತಾರ. ವಿಟಮಿನ್ ಡಿ ಕೂಡ ಒಮ್ಮೆ ನೋಡಿಸ್ರಿ, ಈ ಮಕ್ಕಳಾಗ ಕಡಿಮಿ ಇರೋದು ಭಾಳ.

ಸಿಂಧನೂರಿನ_ಅವ್ವ
ಕಣ್ಣು ಅರ್ಧ ತೆರಕೊಂಡ ಮಲಗತಾಳ್ರೀ. ದೇವ್ರು ಕಾಯಾಕತ್ತಾನ ಅಂತ ಅಜ್ಜಿ ಅಂತಿದ್ಲು. ಸೋಮವಾರ ರಾಯಚೂರಿಗೆ ಹೋಗತೀವಿ, ಕಣ್ಣು ಕಿವಿ ಎರಡೂ ತೋರಸ್ತೀವಿ.

ಅಣ್ಣಿಗೇರಿ_ಅಂಗಡಿ
ರಾಯಚೂರಾಗ ಲಿಕ್ವಿಡ್ ಪ್ಯಾರಾಫಿನ್ ಸಿಗಲಿಲ್ಲಂದ್ರ ಹೋಲ್‌ಸೇಲ್ ಔಷಧ ಅಂಗಡ್ಯಾಗ ಕೇಳ್ರಿ ತಾಯಿ. ಸಣ್ಣ ಬಾಟಲಿ ತಗೋಬ್ಯಾಡ್ರಿ, ದೊಡ್ಡದು ಭಾಳ ಅಗ್ಗ ಬೀಳತೈತಿ.